ಯಾರೂ ಹೆಸರು ಕೇಳಿರದ ಸಣ್ಣ ಕಾಲೇಜು, ಕೈಯಲ್ಲಿದ್ದ 371ಜೆ ಮತ್ತು ನಮ್ಮ ಮನೆಯ ಲೆಕ್ಕಾಚಾರ

ಮಗಳ ವೀಸಾ ಮೊನ್ನೆ ಕೈಗೆ ಬಂತು. ಆಗಸ್ಟ್‌ನಲ್ಲಿ ಅಮೆರಿಕದ ಒಂದು ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜಿಗೆ (ವಿಜ್ಞಾನ, ಇತಿಹಾಸ ಎಲ್ಲ ಒಟ್ಟಿಗೆ ಓದಲು ಬಿಡುವ ಕಾಲೇಜು) ಹೊರಡುತ್ತಾಳೆ. ಸಿಂಧನೂರಿನಲ್ಲಿ ಸುದ್ದಿ ಹರಡಿದ ಮೇಲೆ ದಿನಾ ಯಾರಾದರೂ ಫೋನ್ ಮಾಡುತ್ತಾರೆ. ಕೆಲವರು ತಮ್ಮ ಮಕ್ಕಳಿಗಾಗಿ ಕೇಳುತ್ತಾರೆ, ಕೆಲವರಿಗೆ ಎಷ್ಟು ಖರ್ಚಾಯಿತು ಅಂತ ತಿಳಿದರೆ ಸಾಕು. ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಪೂರ್ತಿ ಬರೆದುಬಿಡುತ್ತಿದ್ದೇನೆ. ಕಾಲೇಜಿನ ಹೆಸರು ಹಾಕಬೇಡ ಅಂದಿದ್ದಾಳೆ ಮಗಳು. ಹಾಕಿದರೂ ನಮ್ಮ ಕಡೆ ಯಾರಿಗೂ ಗೊತ್ತಾಗುವುದಿಲ್ಲ, ಆ ಮಾತು ಬೇರೆ.

ಮೊದಲು ನಮ್ಮ ಪರಿಸ್ಥಿತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಲೆಕ್ಕ ಅರ್ಥವಾಗುವುದಿಲ್ಲ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಟೀಚರ್. ಯಜಮಾನರದು ಬೇಸಾಯ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮಗಳು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ, ಪಿಯುಸಿಯಲ್ಲಿ ಪಿಸಿಎಂಬಿ.

ನಮ್ಮ ಹೊಲದ ಒಂದು ಮೂಲೆ ಸವಳು ಹಿಡಿದಿದೆ. ಬೇಸಿಗೆಯಲ್ಲಿ ಅಲ್ಲಿ ನೆಲದ ಮೇಲೆ ಬೆಳ್ಳಗೆ ಉಪ್ಪು ಏಳುತ್ತದೆ, ಕಾಲಿಟ್ಟರೆ ಹಪ್ಪಳದ ಹಾಗೆ ಪಟಪಟ ಮುರಿಯುತ್ತದೆ. ಇವಳು ಒಂಬತ್ತನೇ ತರಗತಿಯಲ್ಲಿದ್ದಾಗ ಆ ಮಣ್ಣನ್ನು ಹಳೆಯ ಹಾರ್ಲಿಕ್ಸ್ ಬಾಟಲಿಗಳಲ್ಲಿ ತುಂಬಿ, ಚೀಟಿ ಅಂಟಿಸಿ, ಅಡುಗೆಮನೆಯ ಅಟ್ಟದ ಮೇಲೆ ಸಾಲಾಗಿ ಇಟ್ಟಿದ್ದಳು. ಅತ್ತೆ ಒಂದು ಬಾಟಲಿಯನ್ನು ತೊಳೆದು ಉಪ್ಪಿನಕಾಯಿ ಹಾಕಿಬಿಟ್ಟರು, ಮನೆಯಲ್ಲಿ ದೊಡ್ಡ ಜಗಳ. ಉಪ್ಪು ಯಾಕೆ ಏಳುತ್ತದೆ? ನೀರು ನಿಲ್ಲುವುದರಿಂದ. ನೀರು ಯಾಕೆ ನಿಲ್ಲುತ್ತದೆ? ಭತ್ತ ಹಾಕುವುದರಿಂದ. ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ, ಹಾಗಿದ್ದರೆ ಎಲ್ಲರೂ ಭತ್ತ ಹಾಕಿದ್ದು ಯಾಕೆ? ಆಂಧ್ರದಿಂದ ಬಂದು ಕ್ಯಾಂಪು ಅಂತ ಊರು ಕಟ್ಟಿಕೊಂಡ ರೈತರನ್ನು ನೋಡಿ ನಾವೂ ಕಲಿತೆವು, ರೇಟು ಸಿಕ್ಕಿತು. ಮೇಲಿನವರು ಭತ್ತ ಹಾಕಿದರೆ ಕೊನೆಯ ಭಾಗದ ಮಾನ್ವಿ, ರಾಯಚೂರಿನ ರೈತರಿಗೆ ನೀರು ಮುಟ್ಟುತ್ತಾ? ಪ್ರತಿ ವರ್ಷ ಅದೇ ಗಲಾಟೆ ಅಲ್ವಾ. ಇವಳ ತಲೆಯಲ್ಲಿ ಇದೆಲ್ಲ ಒಂದೇ ಪ್ರಶ್ನೆ. ಕೆಮಿಸ್ಟ್ರಿ ಓದಿದರೆ ಉಪ್ಪಿನ ಬಗ್ಗೆ ಹೇಳುತ್ತಾರೆ, ಕ್ಯಾಂಪಿನ ಬಗ್ಗೆ ಹೇಳುವುದಿಲ್ಲ. ಹಾಗಂತ ಬಿಎಗೆ ಹೋದರೆ ಲ್ಯಾಬ್ ಇರುವುದಿಲ್ಲ.

ಈ ಹುಡುಗಿಗೆ ಏನು ಓದಿಸಬೇಕು ಅಂತ ನಮಗೆ ನಿಜಕ್ಕೂ ಗೊತ್ತಿರಲಿಲ್ಲ. ಅಗ್ರಿ ಬಿಎಸ್ಸಿ ಅಂತ ಒಂದು ಯೋಚನೆ ಇತ್ತು, ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ. ಮೈದುನ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಅವನದು ಒಂದೇ ಮಂತ್ರ: "ಅತ್ತಿಗಿ, 371ಜೆ ಐತಿ, ಕಂಪ್ಯೂಟರ್ ಸೈನ್ಸ್ ಸೀಟು ಕಣ್ಮುಚ್ಚಿ ಸಿಗ್ತತಿ. ಸುಮ್ನ ಯಾಕ ತಲಿ ಕೆಡಿಸ್ಕೋತೀರಿ?" ಅವನು ಹೇಳಿದ್ದು ಸುಳ್ಳಲ್ಲ. ಸಂವಿಧಾನದ ಈ 371ಜೆ ಕಲಂ ಪ್ರಕಾರ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ನಮ್ಮ ಭಾಗದ ಕಾಲೇಜುಗಳಲ್ಲಿ 70%, ಉಳಿದ ಕಡೆ 8% ಸೀಟು ಮೀಸಲಿದೆ. ಬೇರೆ ಜಿಲ್ಲೆಯವರಿಗೆ ಇಲ್ಲದ ಅನುಕೂಲ ಅದು. ಅದನ್ನು ಬಿಟ್ಟು ಹೋಗುವುದು ಅಂದರೆ ಕೈಯಲ್ಲಿದ್ದ ದುಡ್ಡನ್ನು ಬಿಟ್ಟು ಹೋದ ಹಾಗೆಯೇ. ಮುಂದಿನ ಎಲ್ಲ ಮಾತನ್ನೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಸಣ್ಣ ಕಾಲೇಜಿನ ವಿಷಯ ಅವಳಿಗೆ ಗೊತ್ತಾಗಿದ್ದು ಹೇಗೋ ಇಂಟರ್ನೆಟ್‌ನಲ್ಲಿ. ನನಗೆ ಅವಳು ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡ ಹಾಗೆ ಹೇಳುತ್ತೇನೆ. ಇಡೀ ಕಾಲೇಜಿನಲ್ಲಿ ಒಂದೂವರೆ-ಎರಡು ಸಾವಿರ ಮಕ್ಕಳು. ಎಂಎ, ಪಿಎಚ್‌ಡಿ ವಿದ್ಯಾರ್ಥಿಗಳು ಬಹುತೇಕ ಇರುವುದಿಲ್ಲ, ಹಾಗಾಗಿ ಪ್ರೊಫೆಸರೇ ಬಂದು ಪಾಠ ಮಾಡುತ್ತಾರೆ, ಪ್ರೊಫೆಸರ ಲ್ಯಾಬಿನಲ್ಲಿ ಡಿಗ್ರಿ ಮಕ್ಕಳೇ ಕೆಲಸ ಮಾಡುತ್ತಾರೆ. ಕ್ಲಾಸಿನಲ್ಲಿ ಹದಿನೈದು-ಇಪ್ಪತ್ತು ಜನ. ನಾಲ್ಕು ವರ್ಷದ ಪದವಿ, ಮುಖ್ಯ ವಿಷಯ ಯಾವುದು ಅಂತ ಎರಡನೇ ವರ್ಷದ ಕೊನೆಗೆ ಹೇಳಿದರೆ ಸಾಕು. ಅಲ್ಲಿವರೆಗೆ ಕೆಮಿಸ್ಟ್ರಿ, ಇತಿಹಾಸ, ಎಕನಾಮಿಕ್ಸ್ ಎಲ್ಲ ಒಟ್ಟಿಗೆ ಓದಬಹುದು. ವಿಲಿಯಮ್ಸ್, ಆಮ್ಹರ್ಸ್ಟ್, ಸ್ವಾರ್ಥ್‌ಮೋರ್, ಪೊಮೊನಾ, ಗ್ರಿನೆಲ್ ಇವೆಲ್ಲ ಈ ಪಂಗಡದವು. ವಿಲಿಯಮ್ಸ್ ಶುರುವಾಗಿದ್ದು 1793ರಲ್ಲಿ. ಸ್ಮಿತ್, ಮೌಂಟ್ ಹೋಲಿಯೋಕ್, ಬ್ರಿನ್ ಮಾರ್ ಅಂತ ಹೆಣ್ಣುಮಕ್ಕಳ ಕಾಲೇಜುಗಳೂ ಇವೆ. ಅತ್ತೆಗೆ ಇಡೀ ಯೋಜನೆಯಲ್ಲಿ ಹಿಡಿಸಿದ್ದು ಇದೊಂದೇ.

ಮೈದುನನಿಗೆ ಹೇಳಿದಾಗ "ಹೆಸರಾ ಕೇಳಿಲ್ಲಲ್ಲ" ಅಂದ. ಮಗಳು ಹುಡುಕಿ ಹೇಳಿದಳು: ಇಂಟೆಲ್ ಕಂಪನಿ ಶುರು ಮಾಡಿದವರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ ಓದಿದ್ದು ಗ್ರಿನೆಲ್‌ನಲ್ಲಿ, 2020ರಲ್ಲಿ ನೊಬೆಲ್ ಪಡೆದ ಜೆನಿಫರ್ ಡೌಡ್ನಾ ಓದಿದ್ದು ಪೊಮೊನಾದಲ್ಲಿ. ಅವನು ಸ್ವಲ್ಪ ಸುಮ್ಮನಾದ. ಆದರೆ ಅವನ ಮಾತಿನಲ್ಲೂ ಅರ್ಥ ಇದೆ. ಅಂಥವರು ಎಲ್ಲಿ ಓದಿದ್ದರೂ ಮೇಲೆ ಬರುತ್ತಿದ್ದರು. ನೊಬೆಲ್ ಲಿಸ್ಟ್ ನೋಡಿ ಕಾಲೇಜು ಆರಿಸಬೇಡಿ.

ಇನ್ನು ದುಡ್ಡು. ಈ ಕಾಲೇಜುಗಳಲ್ಲಿ ಫೀಸು, ಊಟ, ವಸತಿ ಎಲ್ಲ ಸೇರಿ ವರ್ಷಕ್ಕೆ 85 ಸಾವಿರ ಡಾಲರ್ ದಾಟುತ್ತದೆ. ನಮ್ಮ ಲೆಕ್ಕದಲ್ಲಿ 70 ಲಕ್ಷಕ್ಕಿಂತ ಜಾಸ್ತಿ. ಯಜಮಾನರಿಗೆ ಮೊದಲ ಸಲ ಹೇಳಿದಾಗ ಅವರು ನಕ್ಕು ಹೊಲಕ್ಕೆ ಹೋದರು. ನಕ್ಕಿದ್ದು ಸರಿಯೇ. ಆದರೆ ಇಲ್ಲೇ ಇರುವುದು ವಿಷಯ. ಇವುಗಳಲ್ಲಿ ಮೇಲಿನ ಕೆಲವು ಕಾಲೇಜುಗಳು, ಸೀಟು ಕೊಟ್ಟ ಮೇಲೆ, ಮನೆಯವರಿಗೆ ಎಷ್ಟು ಕಟ್ಟಲು ಆಗುತ್ತದೆ ಅಂತ ತಾವೇ ಲೆಕ್ಕ ಹಾಕಿ ಉಳಿದಿದ್ದನ್ನು ಗ್ರಾಂಟ್ ಆಗಿ, ಅಂದರೆ ವಾಪಸ್ ಕೊಡಬೇಕಿಲ್ಲದ ನೆರವಾಗಿ ಕೊಡುತ್ತವೆ. ದೊಡ್ಡ ಹೆಸರಿನ ಸರ್ಕಾರಿ ಯೂನಿವರ್ಸಿಟಿಗಳು ವಿದೇಶಿ ಮಕ್ಕಳಿಗೆ ಡಿಗ್ರಿಗೆ ಹೀಗೆ ಕೊಡುವುದು ಬಹಳ ಅಪರೂಪ. ಹಾಗಾಗಿ ನಮ್ಮಂಥವರಿಗೆ ಸಣ್ಣ ಕಾಲೇಜಿನ ಆಕರ್ಷಣೆಯಲ್ಲಿ ಅರ್ಧ ಭಾಗ ಪಾಠದ್ದು, ಇನ್ನರ್ಧ ದುಡ್ಡಿನದು. ಇದನ್ನು ಮುಚ್ಚಿಟ್ಟು ಬರೀ ಜ್ಞಾನದ ಮಾತಾಡುವವರನ್ನು ನಂಬಬೇಡಿ.

ಇದರಲ್ಲೂ ಒಂದು ತೊಡಕಿದೆ. ಆಮ್ಹರ್ಸ್ಟ್, ಬೋಡನ್‌ನಂಥ ಕೆಲವೇ ಕಾಲೇಜುಗಳು ವಿದೇಶಿ ಮಕ್ಕಳ ಅರ್ಜಿ ನೋಡುವಾಗ ದುಡ್ಡು ಬೇಕಾ ಬೇಡವಾ ಅಂತ ನೋಡುವುದಿಲ್ಲ, ಇದಕ್ಕೆ ನೀಡ್ ಬ್ಲೈಂಡ್ ಅಂತಾರೆ. ಉಳಿದವು ನೋಡುತ್ತವೆ. ನೆರವು ಕೇಳಿದರೆ ಸೀಟು ಸಿಗುವುದು ಕಷ್ಟವಾಗುತ್ತದೆ. ಹಾಗಂತ ಕೇಳದೆ ಅರ್ಜಿ ಹಾಕಿ ಆಮೇಲೆ ಕೇಳೋಣ ಅಂದುಕೊಂಡರೆ ಅನೇಕ ಕಡೆ ನಾಲ್ಕೂ ವರ್ಷ ಕೊಡುವುದಿಲ್ಲ. ಈ ನಿಯಮ ಪ್ರತಿ ಕಾಲೇಜಿನದೂ ಬೇರೆ, ಅವರ ವೆಬ್‌ಸೈಟ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಪುಟವನ್ನೇ ಓದಿ. ಅಮೆರಿಕದ ಮಕ್ಕಳಿಗೆ ಬರೆದಿದ್ದನ್ನು ಓದಿ ಖುಷಿಪಟ್ಟರೆ ಆಮೇಲೆ ನಿರಾಸೆ.

ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್ ಹತ್ತಿರ ಹೋಗಿದ್ದೆವು. ಎಸಿ ರೂಮು, ಕಾಫಿ, ಮೂರು ಲಕ್ಷದ ಪ್ಯಾಕೇಜು. ಸಣ್ಣ ಕಾಲೇಜಿನ ಮಾತೆತ್ತಿದ ತಕ್ಷಣ "ಅವಕ್ಕೆ ಬ್ರಾಂಡ್ ಇಲ್ಲ ಮೇಡಂ" ಅಂತ ದೊಡ್ಡ ಯೂನಿವರ್ಸಿಟಿಗಳ ಪಟ್ಟಿ ಮುಂದಿಟ್ಟರು, ಎಲ್ಲ ಪೂರ್ತಿ ಫೀಸಿನವು, ಜೊತೆಗೆ ಲೋನ್ ಕೊಡಿಸುವ ಕಂಪನಿಯ ಕಾರ್ಡು. ವಾಪಸ್ ಬರುವಾಗ ಬಸ್ಸಿನಲ್ಲಿ ಯಜಮಾನರು ಹೇಳಿದ್ದು ಇಷ್ಟೇ: "ಅವರಿಗಿ ಮಗಳು ಬ್ಯಾಡ, ಲೋನ್ ಬೇಕಾಗೈತಿ." ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಉಳಿದಿದ್ದೆಲ್ಲ ನಾವೇ ಮಾಡಿದ್ದು.

ಅರ್ಜಿ ಕಾಮನ್ ಆಪ್ ಅನ್ನೋ ಒಂದೇ ವೆಬ್‌ಸೈಟ್‌ನಲ್ಲಿ, ಅದರಲ್ಲಿ 20 ಕಾಲೇಜುಗಳವರೆಗೆ ಹಾಕಬಹುದು. ಗ್ರಿನೆಲ್‌ನಂಥ ಕೆಲವು ಅರ್ಜಿ ಶುಲ್ಕವನ್ನೇ ಕೇಳುವುದಿಲ್ಲ, ಉಳಿದವರಲ್ಲಿ ಅನೇಕರು ಕಷ್ಟ ಹೇಳಿಕೊಂಡರೆ ಬಿಡುತ್ತಾರೆ. ಎಸ್‌ಎಟಿ ಅನ್ನೋ ಪ್ರವೇಶ ಪರೀಕ್ಷೆ ಅನೇಕ ಕಡೆ ಕಡ್ಡಾಯವಲ್ಲ, ಆದರೂ ಇವಳು ಹೈದರಾಬಾದಿಗೆ ಹೋಗಿ ಬರೆದಳು, ನೂರು ಡಾಲರ್ ಮೇಲೆ ಖರ್ಚು. ಇಂಗ್ಲಿಷ್ ಪರೀಕ್ಷೆಗೆ ಡುಯೋಲಿಂಗೋ ಸಾಕು, ಮನೆಯಲ್ಲೇ ಬರೆಯಬಹುದು, ನಮಗೆ ಐದಾರು ಸಾವಿರ ರೂಪಾಯಿ ಆಯಿತು. ಒಂದೇ ನಿಯಮ, ರೂಮಿನಲ್ಲಿ ಬೇರೆ ಯಾರೂ ಇರಬಾರದು, ಕ್ಯಾಮೆರಾ ನೋಡುತ್ತಿರುತ್ತದೆ. ಪರೀಕ್ಷೆ ಅರ್ಧ ಆಗಿತ್ತು, ಅತ್ತೆ ಚಹಾ ತಗೊಂಡು ಒಳಗೆ ಬಂದರು. "ಯಾರ ಜೋಡಿ ಮಾತಾಡಾಕತ್ತಿ ಯವ್ವಾ ಒಬ್ಬಾಕಿ?" ಆ ರಿಸಲ್ಟು ಹೋಯಿತು. ಎರಡನೇ ಸಲ ಅತ್ತೆಯನ್ನು ಪಕ್ಕದ ಮನೆಗೆ ಕಳಿಸಿ, ಇನ್ವರ್ಟರ್ ಚಾರ್ಜ್ ಮಾಡಿಟ್ಟುಕೊಂಡು ಬರೆದಳು.

ಇಲ್ಲಿನ ಪಿಯು ಕಾಲೇಜಿನಿಂದ ಬೇಕಾದ ಕಾಗದಗಳು ಮಾತ್ರ ತಲೆನೋವು. ಇಬ್ಬರು ಲೆಕ್ಚರರ್ ಶಿಫಾರಸು ಪತ್ರ ಬರೆಯಬೇಕು, ಅದನ್ನು ಅವರೇ ತಮ್ಮ ಇಮೇಲ್‌ನಿಂದ ಅಪ್‌ಲೋಡ್ ಮಾಡಬೇಕು. ಜೊತೆಗೆ ಕೌನ್ಸೆಲರ್ ವರದಿ ಅಂತ ಒಂದು. ನಮ್ಮ ಕಡೆ ಪಿಯು ಕಾಲೇಜಿನಲ್ಲಿ ಕೌನ್ಸೆಲರ್ ಯಾರಿದ್ದಾರೆ? ಪ್ರಿನ್ಸಿಪಾಲರೇ ಬರೆಯಬೇಕು. "ನೀವಾ ಬರ್ಕೊಂಡ್ ಬರ್ರಿ ಮೇಡಂ, ನಾ ಸಹಿ ಮಾಡ್ತೀನಿ" ಅಂದರು ಒಬ್ಬ ಲೆಕ್ಚರರ್. ಒಳ್ಳೆ ಮನಸ್ಸಿನಿಂದಲೇ ಅಂದಿದ್ದು, ಆದರೆ ಹಾಗೆ ಮಾಡುವಂತಿಲ್ಲ, ಬರೆದವರು ಯಾರು ಅಂತ ಅಲ್ಲಿಯವರಿಗೆ ಓದಿದರೆ ತಿಳಿಯುತ್ತದೆ. ನಾನು ಅವರ ಪಕ್ಕ ಕೂತು ಕೇಳಿದೆ, "ಸರ್, ಇವಳು ಕ್ಲಾಸಿನಲ್ಲಿ ನಿಮಗೆ ಕಿರಿಕಿರಿ ಮಾಡಿದ್ದು ಯಾವಾಗ?" ಅವರು ಮಣ್ಣಿನ ಬಾಟಲಿಗಳನ್ನು ಲ್ಯಾಬಿಗೆ ತಂದು ಪಿಎಚ್ ಪೇಪರ್ ಪೂರ್ತಿ ಖಾಲಿ ಮಾಡಿದ ಕಥೆ ಹೇಳಿದರು. "ಇದನ್ನೇ ಬರೀರಿ ಸರ್" ಅಂದೆ. ಇಂಗ್ಲಿಷ್ ಸ್ವಲ್ಪ ಅಲ್ಲಿ ಇಲ್ಲಿ ತಪ್ಪಿತ್ತು, ಹಾಗೇ ಹೋಯಿತು. ಆ ಪತ್ರವೇ ಕೆಲಸ ಮಾಡಿತು ಅಂತ ನನ್ನ ನಂಬಿಕೆ.

ಹೆಸರಿನ ತೊಂದರೆ ನಮ್ಮ ಕಡೆ ಎಲ್ಲರಿಗೂ ಬರುತ್ತದೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಇನಿಶಿಯಲ್ ಜೊತೆ, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಹೆಸರು ಗೊತ್ತಿಲ್ಲ) ಅಂತ ಅಚ್ಚಾಗುತ್ತದೆ, ಆಮೇಲೆ ಬ್ಯಾಂಕು, ಲೈಸೆನ್ಸು ಎಲ್ಲ ಕಡೆ ಅದೇ ಹೆಸರು ಬೆನ್ನು ಹತ್ತುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗಲೇ ಸರ್‌ನೇಮ್ ಹಾಕಿಸಿ.

ಅಪ್ಲಿಕೇಶನ್‌ಗಿಂತ ಹೆಚ್ಚು ಬೆವರು ಇಳಿದಿದ್ದು ಸಿಎಸ್‌ಎಸ್ ಪ್ರೊಫೈಲ್ ಅನ್ನೋ ಹಣಕಾಸಿನ ಫಾರಂಗೆ. ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೂ 16. ಕೆಲವು ಕಾಲೇಜುಗಳು ಇದರ ಬದಲು ತಮ್ಮದೇ ಉಚಿತ ಫಾರಂ ಕೊಡುತ್ತವೆ, ಕೇಳಿ ನೋಡಿ. ಅದರಲ್ಲಿ ಎಲ್ಲವನ್ನೂ ಕೇಳುತ್ತಾರೆ: ಸಂಬಳ, ಮನೆ, ಚಿನ್ನ, ಎಫ್‌ಡಿ, ಕಾರು ಯಾವ ವರ್ಷದ್ದು, ಅತ್ತೆಯ ಔಷಧಿಗೆ ಎಷ್ಟು. ನನ್ನದು ಸುಲಭ, ಫಾರಂ 16, ಕೆಜಿಐಡಿ, ಎನ್‌ಪಿಎಸ್ ಎಲ್ಲ ಕಾಗದದ ಮೇಲಿದೆ. ಯಜಮಾನರದು? ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲ, ಅವರು ಐಟಿ ರಿಟರ್ನ್ ಹಾಕಿದವರೇ ಅಲ್ಲ. ಆದರೆ ಪಹಣಿಯಲ್ಲಿ ಎಕರೆ ಕಾಣುತ್ತದೆ, ಎಕರೆಗೆ ಈಗಿನ ರೇಟು ಹಾಕಿದರೆ ನಾವು ಕಾಗದದ ಮೇಲೆ ಶ್ರೀಮಂತರು! ಆಸ್ತಿ ಕೋಟಿ, ವರಮಾನ ಸೊನ್ನೆ ಅಂತ ಫಾರಂ ಹೋದರೆ ಅಮೆರಿಕದಲ್ಲಿ ಕೂತವರು ಏನಂದುಕೊಳ್ಳುತ್ತಾರೆ?

ನಾವು ಮಾಡಿದ್ದು ಹೀಗೆ. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಮಾಡಿಸಿದೆವು. ದಲ್ಲಾಳಿ ಅಂಗಡಿಯಿಂದ ಭತ್ತ ಮಾರಿದ ಪಟ್ಟಿಗಳು, ಸೊಸೈಟಿ ಸಾಲದ ಪಾಸ್‌ಬುಕ್, ಗೊಬ್ಬರದ ಬಿಲ್ಲು, ಯಜಮಾನರ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಸೇರಿಸಿ ಮಗಳೇ ಇಂಗ್ಲಿಷ್‌ಗೆ ಹಾಕಿದಳು, ನೋಟರಿ ಮಾಡಿಸಿದೆವು. ಜೊತೆಗೆ ಒಂದು ಪುಟದ ವಿವರಣೆ. ಭಾರತದಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ ಇಲ್ಲ. ಫಾರಂ ಕೇಳುವುದು ಎರಡು ವರ್ಷ ಹಿಂದಿನ ಆದಾಯ, ಅಂದರೆ ನಮಗೆ 2023ರದು. ಅದು ಬರದ ವರ್ಷ, ಎಡದಂಡೆಗೆ ಎರಡನೇ ಬೆಳೆಗೆ ನೀರೇ ಬಿಡಲಿಲ್ಲ. ಮರುವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಗಿ ಊರೆಲ್ಲ ನಿದ್ದೆಗೆಟ್ಟಿದ್ದು ನಿಮಗೂ ನೆನಪಿರಬೇಕು. ಆ ಸುದ್ದಿಯ ಇಂಗ್ಲಿಷ್ ಪತ್ರಿಕೆಯ ತುಣುಕನ್ನೂ ಲಗತ್ತಿಸಿದೆವು. ಭೂಮಿ ಇದೆ, ಮಾರಿದರೆ ಊಟಕ್ಕೆ ದಾರಿ ಇಲ್ಲ, ಅದು ನಮ್ಮ ಅಂಗಡಿ ಇದ್ದಂತೆ ಅಂತ ಸ್ಪಷ್ಟವಾಗಿ ಬರೆಯಿರಿ. ಅಲ್ಲಿಯವರಿಗೆ ತಾವಾಗೇ ಗೊತ್ತಾಗುವುದಿಲ್ಲ. ಯಾವುದನ್ನೂ ಮುಚ್ಚಿಡಬೇಡಿ, ಕೂಡಿಸಿ ನೋಡುತ್ತಾರೆ.

ನವೆಂಬರ್‌ನಲ್ಲಿ ಹಾಕುವ ಅರ್ಲಿ ಡಿಸಿಷನ್ ಅಂತ ಒಂದಿದೆ. ಸೀಟು ಸಿಕ್ಕರೆ ಹೋಗಲೇಬೇಕು ಅನ್ನೋ ಒಪ್ಪಂದ. ನೆರವು ಸಾಲದಿದ್ದರೆ ಬಿಡಬಹುದು ಅಂತಾರೆ, ಆದರೂ ನಾಲ್ಕು ಕಡೆಯ ಲೆಕ್ಕ ಹೋಲಿಸಿ ನೋಡುವ ಅವಕಾಶ ಹೋಗುತ್ತದೆ. ನಾವು ಹಾಕಲಿಲ್ಲ. ಜನವರಿ ಮೊದಲ ವಾರದ ಗಡುವಿಗೆ ಹಾಕಿದೆವು. ಬೆಂಗಳೂರು ಮತ್ತು ಸೋನಿಪತ್ ಕಡೆ ಇರುವ ನಮ್ಮ ದೇಶದ ಇಂಥ ವಿಶ್ವವಿದ್ಯಾಲಯಗಳಿಗೂ ಹಾಕಿದಳು. ಅಜೀಂ ಪ್ರೇಮ್‌ಜಿ, ಅಶೋಕದಲ್ಲೂ ಮನೆಯ ಪರಿಸ್ಥಿತಿ ನೋಡಿ ನೆರವು ಕೊಡುತ್ತಾರೆ. ಬರೀ ಅಮೆರಿಕ ಅಂತ ಕೂರಬೇಡಿ.

ಒಂದು ಕಾಲೇಜು ಆನ್‌ಲೈನ್ ಇಂಟರ್ವ್ಯೂ ಮಾಡಿತು. ನಾನು ಬಾಗಿಲ ಆಚೆ ನಿಂತು ಕೇಳಿಸಿಕೊಂಡೆ. ಅಂಕಗಳ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಸವಳಿನ ಬಗ್ಗೆ ಶುರುವಾದ ಮಾತು, ಕಾಲುವೆ ಯಾರು ಕಟ್ಟಿಸಿದರು, ನಿಮ್ಮ ತಂದೆ ಭತ್ತ ಬಿಡಲು ಒಪ್ಪುತ್ತಾರಾ, ಅಂತ ಹೋಯಿತು. ಮಗಳು ಅಂದಳು, "ಒಪ್ಪಲ್ಲ. ಜೋಳಕ್ಕೆ ಅಷ್ಟು ದುಡ್ಡು ಬರಲ್ಲ. ನಾನೂ ಅವರ ಜಾಗದಲ್ಲಿದ್ದರೆ ಭತ್ತಾನೇ ಹಾಕ್ತೀನಿ." ಆ ಕಡೆಯ ಹೆಂಗಸು ಜೋರಾಗಿ ನಕ್ಕರು. ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಒಬ್ಬ ವಿದ್ಯಾರ್ಥಿಯನ್ನು ಕೂರಿಸಿಕೊಂಡು ಅಷ್ಟು ಹೊತ್ತು ಹೀಗೆ ಕೇಳಲು ನನಗೆ ಪುರುಸೊತ್ತು ಸಿಕ್ಕಿದ್ದು ಅಪರೂಪ. ಅರವತ್ತು ಮಕ್ಕಳ ಕ್ಲಾಸಿನಲ್ಲಿ ಆಗುವ ಕೆಲಸ ಅಲ್ಲ ಅದು. ಸಣ್ಣ ಕಾಲೇಜು ಯಾಕೆ ಅನ್ನೋದು ನನಗೆ ತಿಳಿದಿದ್ದು ಆ ಬಾಗಿಲ ಆಚೆ ನಿಂತಾಗಲೇ.

ಮಾರ್ಚ್ ಪೂರ್ತಿ ಪಿಯು ಬೋರ್ಡ್ ಪರೀಕ್ಷೆಯ ಗಡಿಬಿಡಿ. 20ಕ್ಕೆ ಪರೀಕ್ಷೆ ಮುಗಿಯಿತು, ಆ ವಾರದಿಂದಲೇ ಉತ್ತರಗಳು ಬರತೊಡಗಿದವು, ಅದೂ ನಡುರಾತ್ರಿ ಕಳೆದ ಮೇಲೆ, ಅಲ್ಲಿ ಹಗಲು. ಇಲ್ಲ, ಇಲ್ಲ, ವೇಟ್‌ಲಿಸ್ಟ್, ಇಲ್ಲ. ಮಗಳು ಫೋನ್ ತಲೆದಿಂಬಿನ ಕೆಳಗಿಟ್ಟು ಮಲಗುತ್ತಿದ್ದಳು, ಅಳುತ್ತಿರಲಿಲ್ಲ, ಅದೇ ನನಗೆ ಭಯ. ಈ ಕಾಲೇಜುಗಳಲ್ಲಿ ಹೆಸರಾಂತವು ನೂರಕ್ಕೆ ಹತ್ತು ಜನಕ್ಕೂ ಸೀಟು ಕೊಡುವುದಿಲ್ಲ, ನೆರವು ಕೇಳುವ ವಿದೇಶಿ ಮಕ್ಕಳಿಗೆ ಇನ್ನೂ ಕಡಿಮೆ. ಇದು ಮೊದಲೇ ಗೊತ್ತಿದ್ದರೂ ಆ ವಾರ ಕಷ್ಟವೇ. ಆಮೇಲೆ ಒಂದು ದೊಡ್ಡ ಯೂನಿವರ್ಸಿಟಿ ಹೌದು ಅಂತು, ನೆರವು ಸೊನ್ನೆ. ಕೊನೆಗೆ ಈ ಸಣ್ಣ ಕಾಲೇಜು ಹೌದು ಅಂತು, ನಾವು ವರ್ಷಕ್ಕೆ ಏಳೂವರೆ ಸಾವಿರ ಡಾಲರ್ ಕಟ್ಟಬೇಕು, ಉಳಿದಿದ್ದು ಅವರದು. ನಮ್ಮ ದೇಶದ ಒಂದು ಕಡೆಯಿಂದಲೂ ಸೀಟು ಮತ್ತು ಒಳ್ಳೆಯ ನೆರವು ಬಂತು.

ಇಲ್ಲಿಂದ ನಿಜವಾದ ಸಂಕಟ. ಅಮೆರಿಕದ ಕಾಲೇಜಿಗೆ ಮೇ 1ರೊಳಗೆ ಉತ್ತರ ಹೇಳಬೇಕು. ಸಿಇಟಿ ಬರೆದಾಗಿತ್ತು, ಫಲಿತಾಂಶ ಬಂದಿದ್ದು ಮೇ 24ಕ್ಕೆ. ಅಂದರೆ ಇಲ್ಲಿ ಯಾವ ಸೀಟು ಸಿಗುತ್ತೆ ಅಂತ ತಿಳಿಯದೇ ಅಲ್ಲಿಗೆ ಹೂಂ ಅನ್ನಬೇಕು. ಮನೆಯಲ್ಲಿ ಏಪ್ರಿಲ್ ಪೂರ್ತಿ ಇದೇ ಮಾತು. ಅತ್ತೆ ದಿನಕ್ಕೊಮ್ಮೆ ಕೇಳುವರು, "ಓದಿದ ಮ್ಯಾಲ ಡಾಕ್ಟರ್ ಆಗ್ತಾಳೋ ಇಂಜಿನಿಯರ್ ಆಗ್ತಾಳೋ?" ಎರಡೂ ಇಲ್ಲ. ಇಲ್ಲೊಂದು ಮಾತು: ಡಾಕ್ಟರ್ ಆಗಬೇಕು ಅನ್ನುವ ಮಕ್ಕಳನ್ನು ಈ ದಾರಿಗೆ ಕಳಿಸಲೇಬೇಡಿ. ಅಲ್ಲಿ ಮೆಡಿಕಲ್ ಅಂದರೆ ನಾಲ್ಕು ವರ್ಷದ ಡಿಗ್ರಿ ಆದ ಮೇಲೆ ಇನ್ನೊಂದು ಹೊಸ ಪ್ರವೇಶ, ವಿದೇಶಿಯರಿಗೆ ಆ ಬಾಗಿಲು ಬಹಳ ಕಿರಿದು. ಕಂಪ್ಯೂಟರ್ ಸೈನ್ಸ್ ಓದಿ ಬೇಗ ಕೆಲಸ ಹಿಡಿಯಬೇಕು ಅನ್ನುವವರಿಗೂ ನಮ್ಮ 371ಜೆ ಸೀಟೇ ಸರಿ.

ಕಾಲೇಜಿನವರೇ ಅಲ್ಲಿ ಮೂರನೇ ವರ್ಷದಲ್ಲಿರುವ ನೇಪಾಳದ ಒಬ್ಬ ಹುಡುಗಿಯ ಜೊತೆ ಮಾತಾಡಿಸಿದರು. ಅವಳು ಹೇಳಿದ್ದು ಯಾವ ಕೈಪಿಡಿಯಲ್ಲೂ ಇರಲಿಲ್ಲ. ಊರು ಸಣ್ಣದು, ಸಿಂಧನೂರಿಗಿಂತ ಎಷ್ಟೋ ಸಣ್ಣದು. ಬಸ್ಸು ಇಲ್ಲ ಅಂತಲೇ ಲೆಕ್ಕ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಎಲ್ಲರೂ ಮನೆಗೆ ಹೋದಾಗ ಹಾಸ್ಟೆಲು ಖಾಲಿ ಹೊಡೆಯುತ್ತದೆ. ಡಿಪಾರ್ಟ್‌ಮೆಂಟ್ ಸಣ್ಣದಾದ್ದರಿಂದ ಕೆಲವು ಕೋರ್ಸುಗಳು ಎರಡು ವರ್ಷಕ್ಕೊಮ್ಮೆ ಮಾತ್ರ, ಮಣ್ಣಿನ ಬಗ್ಗೆ ಪಾಠ ಮಾಡುವವರು ಒಬ್ಬರೇ, ಅವರು ರಜೆ ಹಾಕಿದರೆ ಮುಗಿಯಿತು. ಎಲ್ಲರಿಗೂ ಎಲ್ಲರ ವಿಷಯ ಗೊತ್ತು. ಶ್ರೀಮಂತರ ಮಕ್ಕಳು ಜಾಸ್ತಿ, ರಜೆಯಲ್ಲಿ ಯುರೋಪಿಗೆ ಹೋಗುವವರ ಜೊತೆ ಕೂತು ಊಟ ಮಾಡಬೇಕು. ಆದರೆ ಅವಳು ಎರಡನೇ ವರ್ಷದಲ್ಲೇ ಪ್ರೊಫೆಸರ್ ಜೊತೆ ಬೇಸಿಗೆಯಿಡೀ ಲ್ಯಾಬಿನಲ್ಲಿ ಕೆಲಸ ಮಾಡಿದ್ದಳು, ಸಂಬಳ ಸಹಿತ. ಎಲ್ಲ ಕೇಳಿ ಫೋನ್ ಇಟ್ಟ ಮೇಲೆ ಮಗಳು, "ಸಣ್ಣ ಊರು ಅಂತ ಹೆದರಿಸ್ತಾಳಲ್ಲ, ನಾನು ಎಲ್ಲಿಂದ ಹೊಂಟೀನಿ ಅಂತ ಅಕಿಗೆ ಗೊತ್ತಿಲ್ಲ" ಅಂದಳು. ಇಂಥ ಒಬ್ಬರ ಜೊತೆ ಮಾತಾಡದೇ ಹೂಂ ಅನ್ನಬೇಡಿ. ಕಾಲೇಜಿಗೆ ಇಮೇಲ್ ಮಾಡಿದರೆ ಪರಿಚಯ ಮಾಡಿಸುತ್ತಾರೆ.

ನೆರವಿನ ಕಚೇರಿಗೆ ಒಂದು ಮರುಪರಿಶೀಲನೆ ಪತ್ರ ಬರೆದೆವು. ನನ್ನ ಸಂಬಳದಲ್ಲಿ ಮನೆಸಾಲದ ಕಂತು ಎಷ್ಟು, ಅತ್ತೆಯ ಕಣ್ಣಿನ ಆಪರೇಷನ್ ಖರ್ಚೆಷ್ಟು, ರಸೀದಿ ಸಮೇತ. ನಮ್ಮ ಪಾಲು ಐದು ಸಾವಿರ ಡಾಲರಿಗೆ ಇಳಿಯಿತು. ಅಂದರೆ ವರ್ಷಕ್ಕೆ ನಾಲ್ಕೂಕಾಲು ಲಕ್ಷ, ವಿಮಾನದ ಟಿಕೆಟ್ ಬೇರೆ. ಬೆಂಗಳೂರಿನಲ್ಲಿ ಮ್ಯಾನೇಜ್‌ಮೆಂಟ್ ಸೀಟಿಗೆ ಇದಕ್ಕಿಂತ ಜಾಸ್ತಿ ಕಟ್ಟಿದವರು ನಮ್ಮ ನೆಂಟರಲ್ಲೇ ಇದ್ದಾರೆ. ಈ ಕಡಿತ ಆಗದಿದ್ದರೆ ನಾವು ದೇಶದೊಳಗಿನ ಸೀಟನ್ನೇ ಹಿಡಿಯುತ್ತಿದ್ದೆವು, ಇದರಲ್ಲಿ ನನಗೆ ಸಂಶಯವೇ ಇಲ್ಲ. ಹೆಸರು ಗೊತ್ತಿಲ್ಲದ ಕಾಲೇಜಿಗಾಗಿ ನಲವತ್ತು-ಐವತ್ತು ಲಕ್ಷ ಸಾಲ ಮಾಡುವಷ್ಟು ದೊಡ್ಡದಲ್ಲ ಅದರ ಆಕರ್ಷಣೆ.

ಯಜಮಾನರು ಅಷ್ಟು ದಿನ ಬಾಯಿಬಿಟ್ಟಿರಲಿಲ್ಲ. ಗಡುವಿನ ಹಿಂದಿನ ದಿನ ಊಟಕ್ಕೆ ಕೂತಾಗ, "ಬರಬೇಕು ಅ‌ನಿಸಿದ್ರ ಬಂದ್ಬಿಡು. ವಾಪಸ್ ಟಿಕೆಟ್ಟಿನ ರೊಕ್ಕ ಬ್ಯಾರೆ ಎತ್ತಿ ಇಟ್ಟೀನಿ" ಅಂದರು. ಅಷ್ಟೇ. ಅದೇ ಒಪ್ಪಿಗೆ.

ಮೇ 24ಕ್ಕೆ ಸಿಇಟಿ ರ್‍ಯಾಂಕ್ ಬಂತು, ಒಳ್ಳೆಯದೇ ಬಂತು. ಫೋನುಗಳು ಮತ್ತೆ ಶುರು. ಮೂರೇ ದಿನಕ್ಕೆ, 2025ರ ಮೇ 27ರಂದು, ಅಮೆರಿಕ ಸರ್ಕಾರ ವಿದ್ಯಾರ್ಥಿ ವೀಸಾದ ಹೊಸ ಇಂಟರ್ವ್ಯೂಗಳನ್ನು ನಿಲ್ಲಿಸಿತು ಅಂತ ಸುದ್ದಿ. ವೀಸಾಕ್ಕೆ ಬೇಕಾದ ಕಾಲೇಜಿನ ಪತ್ರ ಐ-20 ಬಂದಿತ್ತು, 350 ಡಾಲರ್ ಸೆವಿಸ್ ಫೀ (ವಿದೇಶಿ ವಿದ್ಯಾರ್ಥಿಗಳ ನೋಂದಣಿಯದು), 185 ಡಾಲರ್ ವೀಸಾ ಫೀ ಕಟ್ಟಿಯಾಗಿತ್ತು, ಸ್ಲಾಟ್ ಮಾತ್ರ ಇಲ್ಲ. ಆ ಮೂರು ವಾರ ನನಗೆ ಊಟ ಸೇರಲಿಲ್ಲ. ಜೂನ್ 18ಕ್ಕೆ ಮತ್ತೆ ಶುರು ಅಂದರು, ಹೊಸ ಷರತ್ತು: ಮಕ್ಕಳ ಸೋಶಿಯಲ್ ಮೀಡಿಯಾ ಖಾತೆಗಳು ಎಲ್ಲರಿಗೂ ಕಾಣುವಂತೆ ಇರಬೇಕು. ಇದರ ನಡುವೆ ನಾವು ಸಿಇಟಿ ಆಪ್ಷನ್ ಎಂಟ್ರಿಯನ್ನೂ ಬಿಡಲಿಲ್ಲ. ಲಿಂಗಸುಗೂರಿನ ಅಸಿಸ್ಟೆಂಟ್ ಕಮಿಷನರ್ ಕಚೇರಿಯಿಂದ 371ಜೆ ಅರ್ಹತಾ ಪತ್ರ ಮೊದಲೇ ತೆಗೆಸಿದ್ದು ಒಳ್ಳೆಯದಾಯಿತು. ವೀಸಾ ಕೈಗೆ ಬರುವವರೆಗೆ ಇಲ್ಲಿನ ಯಾವ ಸೀಟನ್ನೂ ಬಿಟ್ಟುಕೊಡಬೇಡಿ.

ಸ್ಲಾಟ್ ಸಿಕ್ಕಿದ್ದು ಹೈದರಾಬಾದಿನಲ್ಲಿ, ನಮಗೆ ಅದೇ ಹತ್ತಿರ. ಮೊದಲು ಬೆರಳಚ್ಚು, ಬೇರೆ ದಿನ ನಾನಕ್‌ರಾಮ್‌ಗುಡದ ಕಾನ್ಸುಲೇಟಿನಲ್ಲಿ ಇಂಟರ್ವ್ಯೂ. ಫೋನು ಒಳಗೆ ಬಿಡುವುದಿಲ್ಲ, ನಾವು ರಸ್ತೆಯ ಆಚೆ ಮರದ ಕೆಳಗೆ ಕಾದೆವು. ಒಳಗೆ ಎರಡು-ಮೂರು ನಿಮಿಷವಂತೆ. ಈ ಕಾಲೇಜೇ ಯಾಕೆ, ದುಡ್ಡು ಯಾರು ಕೊಡುತ್ತಾರೆ, ಓದಿ ಏನು ಮಾಡುತ್ತೀಯ. ಸಣ್ಣ ಕಾಲೇಜಾದರೆ ಮೊದಲ ಪ್ರಶ್ನೆಗೆ ಉತ್ತರ ಗಟ್ಟಿಯಾಗಿರಬೇಕು. "ರ್‍ಯಾಂಕಿಂಗ್ ಚೆನ್ನಾಗಿದೆ" ಅಂದರೆ ಸಾಲದು.

ಇನ್ನು ಆಫರ್ ಲೆಟರ್ ಬಂದವರಿಗೆ ಕೆಲವು ಮಾತು. ಹೆಲ್ತ್ ಇನ್ಶೂರೆನ್ಸ್ ವರ್ಷಕ್ಕೆ ಸಾವಿರಾರು ಡಾಲರ್ ಆಗುತ್ತದೆ, ಅದು ನೆರವಿನ ಒಳಗಿದೆಯಾ ಹೊರಗಿದೆಯಾ ಅಂತ ಲೆಟರಿನಲ್ಲಿ ಹುಡುಕಿ, ಕಾಣದಿದ್ದರೆ ಕೇಳಿ. ಕ್ಯಾಂಪಸ್ ಕೆಲಸದ ಸಂಬಳವನ್ನೂ ನೆರವು ಅಂತ ಸೇರಿಸಿರುತ್ತಾರೆ, ಅದು ದುಡಿದ ಮೇಲೆ ಬರುವ ದುಡ್ಡು, ಮೊದಲ ಬಿಲ್ಲಿಗೆ ಸಿಗುವುದಿಲ್ಲ. ಫೀಸಿಗೆ ಕೊಡುವ ಗ್ರಾಂಟಿಗೆ ತೆರಿಗೆ ಇಲ್ಲ, ಊಟ-ವಸತಿಗೆ ಕೊಡುವುದರ ಮೇಲೆ 14% ತೆರಿಗೆ ಹಿಡಿಯುತ್ತಾರೆ. ನಮ್ಮ ದೇಶದ ಮಕ್ಕಳಿಗೆ ತೆರಿಗೆ ಒಪ್ಪಂದದ ಪ್ರಕಾರ ಸ್ಟ್ಯಾಂಡರ್ಡ್ ಡಿಡಕ್ಷನ್ (ಇಷ್ಟು ಆದಾಯದವರೆಗೆ ತೆರಿಗೆ ಇಲ್ಲ ಅನ್ನೋ ರಿಯಾಯಿತಿ) ಸಿಗುವುದರಿಂದ ಮರುವರ್ಷ ರಿಟರ್ನ್ ಹಾಕಿದಾಗ ಅದರಲ್ಲಿ ಬಹುಪಾಲು ವಾಪಸ್ ಬರುತ್ತದೆ, ಆದರೆ ಅಲ್ಲಿವರೆಗೆ ಕೈಯಿಂದ ಕಟ್ಟಿರಬೇಕು. ಇಲ್ಲಿಂದ ಕಳಿಸುವ ಹಣ ವರ್ಷಕ್ಕೆ 10 ಲಕ್ಷದೊಳಗಿದ್ದರೆ ಬ್ಯಾಂಕಿನವರು ಟಿಸಿಎಸ್ ಅನ್ನೋ ತೆರಿಗೆ ಹಿಡಿಯುವುದಿಲ್ಲ. ನಮ್ಮ ಬ್ಯಾಂಕಿನವರಿಗೆ ವಿದೇಶಕ್ಕೆ ಫೀಸು ಕಳಿಸಿ ಅಭ್ಯಾಸವಿಲ್ಲ, ಫಾರಂ ಹುಡುಕುವುದರಲ್ಲೇ ಮಧ್ಯಾಹ್ನ ಆಯಿತು, ಗಡುವಿಗೆ ನಾಲ್ಕು ದಿನ ಮುಂಚೆಯೇ ಹೋಗಿ. ಚಳಿಯ ಕೋಟು ಇಲ್ಲಿ ಕೊಳ್ಳಬೇಡಿ, ಸೀನಿಯರ್‌ಗಳು ಬಿಟ್ಟುಹೋದ ಕೋಟುಗಳನ್ನು ಹೊಸ ವಿದೇಶಿ ಮಕ್ಕಳಿಗೆ ಕೊಡುವ ವ್ಯವಸ್ಥೆ ಎಷ್ಟೋ ಕಾಲೇಜುಗಳಲ್ಲಿದೆ. ಡಿಸೆಂಬರ್ ರಜೆಯಲ್ಲಿ ಹಾಸ್ಟೆಲು ತೆರೆದಿರುತ್ತದಾ, ಊಟ ಸಿಗುತ್ತದಾ ಅಂತ ಈಗಲೇ ಬರೆದು ಕೇಳಿ, ಇಲ್ಲದಿದ್ದರೆ ಲಕ್ಷ ರೂಪಾಯಿಯ ಟಿಕೆಟ್ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕೃಷಿ ಆದಾಯದ ವಿವರಣೆ ಪತ್ರ, ಪಹಣಿಯ ಇಂಗ್ಲಿಷ್ ಮಾದರಿ, ನೆರವಿನ ಮರುಪರಿಶೀಲನೆಗೆ ಬರೆದ ಪತ್ರ ಮೂರೂ ನನ್ನ ಹತ್ತಿರ ಇವೆ. ನಮ್ಮ ಕಡೆಯವರು ಯಾರಿಗಾದರೂ ಬೇಕಾದರೆ ಕೇಳಿ, ಕೊಡುತ್ತೇನೆ. ಮೂರು ಲಕ್ಷದ ಪ್ಯಾಕೇಜಿಗೆ ಸಹಿ ಹಾಕುವ ಮೊದಲು ಕೇಳಿ.